ಜೋಳದ ರೊಟ್ಟಿ, ಲ್ಯೂಸಿನ್ ಮತ್ತು ಒಂದು ಹಳೆಯ ರೋಗ

ಚಿಂಚೋಳಿ, ಸೇಡಂ ಕಡೆ ಊಟ ಅಂದ್ರೆ ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿಪಲ್ಯ. ಬಡವರ ತಟ್ಟೆಯಲ್ಲಿ ಮಾತ್ರ ಎಷ್ಟೋ ಸಲ ಬರೀ ರೊಟ್ಟಿ, ಖಾರ. ಆ ತಟ್ಟೆಗೂ ಇವತ್ತಿನ ಮುಪ್ಪಿನ ವಿಜ್ಞಾನಕ್ಕೂ ನಂಟಿದೆ ಅಂದರೆ ನಂಬ್ತೀರಾ?

1956ರ ನವೆಂಬರ್ 1ರವರೆಗೆ ಈ ತಾಲೂಕುಗಳು ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. 1958ರಲ್ಲಿ ಕೂನೂರಿನ ಪೋಷಣಾ ಸಂಶೋಧನಾಲಯ ಹೈದರಾಬಾದಿಗೆ ಬಂತು. ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ. ಅಲ್ಲಿನ ವೈದ್ಯರಿಗೆ ಎದುರಾದ ಒಗಟು, ದಖ್ಖನ್ನಿನಲ್ಲಿ ಜೋಳ ಉಣ್ಣುವ ಬಡವರಿಗೆ ಬರುತ್ತಿದ್ದ ಪೆಲಾಗ್ರ. ಬಿಸಿಲು ತಾಗಿದ ಚರ್ಮ ಕಪ್ಪಾಗಿ ಒಡೆಯುತ್ತದೆ, ಭೇದಿ ಹತ್ತುತ್ತದೆ, ಕೊನೆಗೆ ಬುದ್ಧಿ ಕೆಡುತ್ತದೆ. ಇದು ನಯಾಸಿನ್ ಎಂಬ ವಿಟಮಿನ್ನಿನ ಕೊರತೆ. ನಮ್ಮ ದೇಹ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲದಿಂದಲೂ ನಯಾಸಿನ್ ಮಾಡಿಕೊಳ್ಳುತ್ತದೆ. ಮೆಕ್ಕೆಜೋಳದಲ್ಲಿ ಟ್ರಿಪ್ಟೊಫಾನ್ ತೀರಾ ಕಡಿಮೆ, ಸರಿ. ಆದರೆ ನಮ್ಮ ಜೋಳದಲ್ಲಿ ಅಷ್ಟು ಕಡಿಮೆ ಇಲ್ಲವಲ್ಲ!

1960ರಲ್ಲಿ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬೆರಳು ತೋರಿಸಿದ್ದು ಲ್ಯೂಸಿನ್ ಕಡೆಗೆ. ಜೋಳದಲ್ಲಿ ಈ ಅಮೈನೊ ಆಮ್ಲ ವಿಪರೀತ. ಅದು ನಯಾಸಿನ್ನಿನ ಲೆಕ್ಕಾಚಾರವನ್ನು ಕೆಡಿಸುತ್ತದೆ ಅನ್ನೋದು ಅವರ ವಾದ. ಮುಂದಿನ ಪ್ರಯೋಗಗಳು ಎಲ್ಲವೂ ಇದನ್ನು ಒಪ್ಪಲಿಲ್ಲ. ಚರ್ಚೆ ದಶಕಗಳ ಕಾಲ ನಡೆಯಿತು.

ಇನ್ನೊಂದು ಕಡೆ, ಈಸ್ಟರ್ ದ್ವೀಪದಿಂದ ತಂದ ಮಣ್ಣಿನಲ್ಲಿ ರಾಪಾಮೈಸಿನ್ ಎಂಬ ಔಷಧ ಸಿಕ್ಕಿತು. ಅದು ಜೀವಕೋಶದಲ್ಲಿ ಯಾವುದನ್ನು ತಡೆಯುತ್ತದೆ ಎಂದು ಹುಡುಕುತ್ತಾ ಹೋದವರಿಗೆ 1991ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, ಯೀಸ್ಟಿನೊಳಗೆ 'ಟಾರ್' ಜೀನುಗಳು ದೊರೆತವು. ನಮ್ಮ ಕೋಶಗಳಲ್ಲಿರುವ ಅದರ ರೂಪ ಎಂಟಾರ್. ಪ್ರೋಟೀನ್ ಕಟ್ಟುವ ಕೆಲಸಕ್ಕೆ ಇದೇ ಮೇಸ್ತ್ರಿ. ಆಹಾರ ಇದ್ದರೆ 'ಕಟ್ಟಿ' ಅನ್ನುತ್ತದೆ. ಇಲ್ಲದಿದ್ದರೆ ಕೆಲಸ ನಿಲ್ಲಿಸಿ, ಹಳೆಯ ಪ್ರೋಟೀನ್ ಒಡೆದು ಮರುಬಳಕೆಗೆ ಬಿಡುತ್ತದೆ. ಈ ಮೇಸ್ತ್ರಿಗೆ ಸುದ್ದಿ ಮುಟ್ಟಿಸುವವರಲ್ಲಿ ಮುಖ್ಯವಾದದ್ದು ಯಾವುದು ಗೊತ್ತೇ? ಅದೇ ಲ್ಯೂಸಿನ್! ಅದನ್ನು ಗುರುತಿಸುವ ಸೆಸ್ಟ್ರಿನ್2 ಎಂಬ ಪ್ರೋಟೀನಿನ ವಿವರ 2016ರಲ್ಲಿ ಬಯಲಾಯಿತು.

ಅನೇಕ ಕ್ಯಾನ್ಸರುಗಳಲ್ಲಿ ಎಂಟಾರ್ ಬಿಡುವಿಲ್ಲದೆ ದುಡಿಯುತ್ತದೆ. 2009ರಲ್ಲಿ ರಾಪಾಮೈಸಿನ್ ಕೊಟ್ಟ ಇಲಿಗಳು ಹೆಚ್ಚು ಕಾಲ ಬದುಕಿದವು. ವಯಸ್ಸಾದವರ ಸ್ನಾಯುಗಳಿಗೆ ಲ್ಯೂಸಿನ್ನಿನ ಕರೆ ಮೊದಲಿನಷ್ಟು ಕೇಳಿಸುವುದಿಲ್ಲ.

ಆದರೆ ಕರೆ ಬಂದ ಮಾತ್ರಕ್ಕೆ ಗೋಡೆ ಏಳುವುದಿಲ್ಲ, ಎಲ್ಲ ಇಟ್ಟಿಗೆಗಳೂ ಬೇಕು. ಜೋಳದಲ್ಲಿ ಲ್ಯೂಸಿನ್ ಧಾರಾಳ, ಲೈಸಿನ್ ಕೊರತೆ. ಆ ಲೈಸಿನ್ ತೊಗರಿಯಲ್ಲಿದೆ. ಹಾಗಾಗಿ ನಾನು ರೊಟ್ಟಿಯನ್ನು ದೂರುವುದಿಲ್ಲ. ತೊಗರಿ ಬೆಳೆಯುವ ನಾಡಿನಲ್ಲೇ ಬಡವರ ತಟ್ಟೆಗೆ ಬ್ಯಾಳಿ ಬರಲಿಲ್ಲವಲ್ಲ, ದೂರಬೇಕಾದದ್ದು ಅದನ್ನು.

ಬರಗಾಲದ ವರ್ಷಗಳಲ್ಲಿ ನಿಮ್ಮ ಕಡೆ ರೊಟ್ಟಿ ಅಥವಾ ಮುದ್ದೆಯ ಜತೆ ಏನಿರುತ್ತಿತ್ತು? ಮನೆಯ ಹಿರಿಯರನ್ನು ಕೇಳಿ ಬರೆಯಿರಿ.