ಆಯ್ದಕ್ಕಿಯ ಅಳತೆ ಮತ್ತು ಬೀದರ ಸೀಮೆಯ ಅಡುಗೆಮನೆ

12ನೆಯ ಶತಮಾನದ ಕಲ್ಯಾಣವು ಅರಸೊತ್ತಿಗೆಯ ರಾಜಧಾನಿ. ಅಲ್ಲಿ ಅರಮನೆ, ಭಂಡಾರ, ಪೇಟೆಗಳಿಗೆ ಕೊರತೆಯಿರಲಿಲ್ಲ. ಆದರೂ ಆ ಕಲ್ಯಾಣವನ್ನು ನೆನೆಯುವಾಗ ಶರಣ ಪರಂಪರೆಯು ಮರೆಯದೆ ಹೇಳುವ ಪ್ರಸಂಗಗಳಲ್ಲೊಂದು ನಡೆದದ್ದು ಬಡ ದಂಪತಿಗಳ ಒಲೆಯ ಮುಂದೆ. ಆ ದಂಪತಿಗಳೇ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ.

ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಇವರು ಕಲ್ಯಾಣಕ್ಕೆ ಬಂದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಆ ಅಕ್ಕಿಯನ್ನು ಅಟ್ಟು, ಜಂಗಮಕ್ಕೆ ಅರ್ಪಿಸಿ, ಉಳಿದುದನ್ನು ಪ್ರಸಾದವಾಗಿ ಸ್ವೀಕರಿಸುವುದು ದಂಪತಿಗಳ ನೇಮ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಲಕ್ಕಮ್ಮ ಅದನ್ನು ಕಂಡು ಹಿಗ್ಗಲಿಲ್ಲ. ದಿನದ ಅಳತೆಯನ್ನು ಮೀರಿದ ಅಕ್ಕಿಯಲ್ಲಿ ಆಕೆ ಗಂಡನ ಮನಸ್ಸು ಇಬ್ಬಗೆಯಾದುದನ್ನು ಕಂಡಳು. ಹೆಚ್ಚಾದುದನ್ನು ಒಯ್ದು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಮಾರಯ್ಯ ಹಾಗೆಯೇ ಮಾಡಿದನು. 'ಮಾರಯ್ಯಪ್ರಿಯ ಅಮರೇಶ್ವರಲಿಂಗ' ಎಂಬ ಅಂಕಿತದಲ್ಲಿ ದೊರೆತಿರುವ ಲಕ್ಕಮ್ಮನ ವಚನಗಳು ಸುಮಾರು 25 ಮಾತ್ರ. ಆದರೆ ದುಡಿಮೆ, ಬಡತನ, ಆಸೆ ಇವುಗಳ ವಿಷಯದಲ್ಲಿ ಅಷ್ಟು ನಿಷ್ಠುರವಾದ ಮಾತು ವಚನ ಸಾಹಿತ್ಯದಲ್ಲಿಯೂ ವಿರಳ.

ಈ ಪ್ರಸಂಗವನ್ನು ಸಾಮಾನ್ಯವಾಗಿ ನಿರಾಶೆಯ ಪಾಠವೆಂದು ವಿವರಿಸುತ್ತಾರೆ. ಅದು ಸರಿಯಾದುದೇ. ಆದರೆ ಅದರಲ್ಲಿ ಅಡುಗೆಮನೆಯ ಪಾಠವೂ ಇದೆ. ಚೆಲ್ಲಿದ ಕಾಳು ಕಸವಲ್ಲ, ಅದು ಅನ್ನ ಎಂಬುದು ಅದರ ಮೊದಲ ಅರ್ಧ. ಅನ್ನವೇ ಆದರೂ ಬೇಕಾದುದಕ್ಕಿಂತ ಹೆಚ್ಚು ಮನೆಯಲ್ಲಿ ಉಳಿದರೆ ಅದು ಇನ್ನೊಬ್ಬರ ಪಾಲು ಎಂಬುದು ಎರಡನೆಯ ಅರ್ಧ. ಕಲ್ಯಾಣದ ನೆರೆಯಲ್ಲಿರುವ ಚಿಟಗುಪ್ಪ, ಹುಮನಾಬಾದ ಸೀಮೆಯ ಹಿರಿಯ ತಾಯಂದಿರ ಅಡುಗೆಯಲ್ಲಿ ಈ ಎರಡೂ ಅರ್ಧಗಳು ತಲೆಮಾರಿನಿಂದ ತಲೆಮಾರಿಗೆ ಉಳಿದು ಬಂದಿವೆ.

ಕಾಳಿನಿಂದ ಕುಳ್ಳಿನವರೆಗೆ

ಬೀದರ ಪ್ರಸ್ಥಭೂಮಿಯು ಜಂಬಿಟ್ಟಿಗೆಯ ಕೆಂಪು ನೆಲ ಮತ್ತು ಎರೆಯ ಕಪ್ಪು ನೆಲ ಎರಡನ್ನೂ ಪಡೆದ ಪ್ರದೇಶ. ಮಳೆಯನ್ನೇ ನಂಬಿದ ಈ ನೆಲದಲ್ಲಿ ಮುಂಗಾರಿಗೆ ತೊಗರಿ, ಹೆಸರು, ಉದ್ದು. ಹಿಂಗಾರಿಗೆ ಬಿಳಿಜೋಳ, ಕಡಲೆ. ಅಕ್ಕಿಯ ಅನ್ನವು ಹಬ್ಬದ ಊಟ, ಬೀಗರ ಊಟ. ನಿತ್ಯದ ಊಟವೆಂದರೆ ಜೋಳದ ರೊಟ್ಟಿ.

ಜೋಳದ ಹಿಟ್ಟಿನಲ್ಲಿ ಗೋದಿಯ ಹಿಟ್ಟಿನ ಅಂಟು ಇಲ್ಲ. ಆದುದರಿಂದ ಕುದಿಯುವ ಎಸರನ್ನು ಹಾಕಿ ನಾದಬೇಕು. ಆ ಬಿಸಿಗೆ ಹಿಟ್ಟಿನ ಪಿಷ್ಟವು ಅರೆಬೆಂದು ಜಿಗಿ ಬರುತ್ತದೆ. ಹಳೆಯ ಹಿಟ್ಟಿಗೆ ಜಿಗಿ ಕಡಿಮೆ. ಹೀಗಾಗಿ ನಾಲ್ಕಾರು ದಿನಕ್ಕೆ ಬೇಕಾದಷ್ಟನ್ನೇ ಬೀಸಿಕೊಳ್ಳುವುದು ರೂಢಿ. ಕೈಯಿಂದ ಬಡಿದು, ಹೆಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿ ಬೇಯಿಸುವ ಈ ರೊಟ್ಟಿಗೆ ಎಣ್ಣೆಯ ಹನಿಯೂ ಬೇಡ. ತೆಳ್ಳಗೆ ತಟ್ಟಿ ಒಣಗಿಸಿದರೆ ಅದೇ ಕಡಕ್ ರೊಟ್ಟಿ. ತೇವ ಆರಿಹೋದುದರಿಂದ ಬೂಸ್ಟು ಹಿಡಿಯದೆ ವಾರಗಟ್ಟಲೆ ಇರುತ್ತದೆ. ಒಂದು ದಿನ ಒಲೆ ಹೊತ್ತಿಸಿ ಹಲವು ದಿನ ಉಣ್ಣುವ ಉಪಾಯವಿದು. ಹೊಲಕ್ಕೆ ಹೋಗುವವರಿಗೆ, ಜಾತ್ರೆಗೆ ನಡೆಯುವವರಿಗೆ ಇದೇ ಬುತ್ತಿ.

ಬೀಸಿದ ಜೋಳವನ್ನು ಜರಡಿ ಹಿಡಿದಾಗ ಹಿಟ್ಟು ರೊಟ್ಟಿಗೆ ಹೋಗುತ್ತದೆ. ಮೇಲುಳಿದ ನುಚ್ಚನ್ನು ಕುದಿಸಿ ಮಜ್ಜಿಗೆಯೊಡನೆಯೋ ಪುಂಡಿ ಪಲ್ಯದೊಡನೆಯೋ ಉಣ್ಣುತ್ತಾರೆ. ತೌಡು ಆಕಳಿಗೆ. ಜೋಳದ ದಂಟೂ ಆಕಳಿಗೆ. ಆಕಳ ಸಗಣಿ ಕುಳ್ಳಾಗಿ ಮತ್ತೆ ಅದೇ ಒಲೆಗೆ ಬರುತ್ತದೆ. ತೊಗರಿ ಬಡಿದ ಮೇಲೆ ಉಳಿಯುವ ಕಟ್ಟಿಗೆಯೂ ಉರುವಲೇ. ಕಾಳಿನಿಂದ ಕುಳ್ಳಿನವರೆಗಿನ ಈ ಸುತ್ತಿನಲ್ಲಿ ಎಸೆಯುವ ವಸ್ತುವೇ ಇಲ್ಲ.

ಹೋಳಿಗೆಯ ದಿನವೂ ಈ ಲೆಕ್ಕ ತಪ್ಪುವುದಿಲ್ಲ. ಹೂರಣಕ್ಕೆಂದು ಬೇಯಿಸಿದ ಕಡಲೆಬೇಳೆಯ ನೀರನ್ನು ಬಸಿದು ಕಟ್ಟು ತೆಗೆದು, ಹುಣಸೆ, ಖಾರ, ಒಗ್ಗರಣೆ ಕೊಟ್ಟರೆ ಕಟ್ಟಿನ ಸಾರು. ಬೇಳೆಯ ಸಾರ ಒಂದಿಷ್ಟೂ ಚರಂಡಿ ಸೇರದು. ಉಳಿದ ರೊಟ್ಟಿಯನ್ನು ಮುರಿದು ಒಗ್ಗರಣೆ ಕೊಡುತ್ತಾರೆ ಅಥವಾ ಮಜ್ಜಿಗೆಯಲ್ಲಿ ನೆನೆಸುತ್ತಾರೆ. ಹೀರೆಕಾಯಿಯ ಸಿಪ್ಪೆ ಚಟ್ನಿಯಾಗುತ್ತದೆ. ಕಡಲೆಯ ಎಳೆಯ ಕುಡಿಯನ್ನು ಚಿವುಟಿದರೆ ಗಿಡ ಇನ್ನಷ್ಟು ಕವಲೊಡೆಯುತ್ತದೆ. ಚಿವುಟಿದ ಕುಡಿಯನ್ನು ಒಣಗಿಸಿಟ್ಟರೆ ಬೇಸಗೆಯಲ್ಲಿ ಪಲ್ಯ. ಅಗಸಿ, ಗುರೆಳ್ಳು, ಶೇಂಗಾಗಳ ಹಿಂಡಿಯು ಕಾಯಿಪಲ್ಯ ಇಲ್ಲದ ದಿನ ರೊಟ್ಟಿಗೆ ಜೊತೆ. ಬಿತ್ತದೆ ಬೆಳೆಯುವ ಕಿರಕಸಾಲಿ, ತಗಚೆ, ಹತ್ತರಕಿ ಸೊಪ್ಪುಗಳಿಗೆ ಮಳೆಗಾಲದ ಬದುವೇ ಮನೆ.

ಎಳ್ಳಮಾವಾಸ್ಯೆಯ ಭಜ್ಜಿ ಈ ಅಡುಗೆಯ ಕಿರೀಟ. ಹಸಿ ತೊಗರಿ, ಹಸಿ ಕಡಲೆ, ಅವರೆ, ಗಜ್ಜರಿ, ಹೊಲದಲ್ಲಿ ಸಿಕ್ಕ ಸೊಪ್ಪುಗಳೆಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಕಡಲೆಹಿಟ್ಟು ಬೆರೆಸಿ ಕುದಿಸುತ್ತಾರೆ. ಜೊತೆಗೆ ಸಜ್ಜೆಯ ರೊಟ್ಟಿ, ಹುಳಿ ಬಂದ ಅಂಬಲಿ. ಉಣ್ಣುವ ಮೊದಲು ಹೊಲದಲ್ಲಿ ಚರಗ ಚೆಲ್ಲುತ್ತಾರೆ. ಒಂದೊಂದು ಕಾಳನ್ನೂ ಲೆಕ್ಕವಿಟ್ಟು ಬದುಕಿದ ಜನರು ನೆಲಕ್ಕೆ ಚೆಲ್ಲುವಾಗ ಲೆಕ್ಕವಿಡಲಿಲ್ಲ. ಬಂದವರನ್ನೆಲ್ಲ ಕರೆದು ಉಣ್ಣಿಸುವಾಗಲೂ ಇಡಲಿಲ್ಲ.

ಇದೇ ಅಂಬಲಿಯು ಶರಣರ ಕಥನದಲ್ಲಿ ಮಾದಾರ ಚೆನ್ನಯ್ಯನ ಮನೆಯ ನೈವೇದ್ಯ. ಅರಸನ ಪಕ್ವಾನ್ನವನ್ನು ಬಿಟ್ಟು ಶಿವನು ಚೆನ್ನಯ್ಯನ ಅಂಬಲಿಯನ್ನು ಸವಿದನೆಂದು ಪರಂಪರೆ ಹೇಳುತ್ತದೆ. ಪದಾರ್ಥವು ಪ್ರಸಾದವಾಗುವುದು ಅದರ ಬೆಲೆಯಿಂದಲ್ಲ, ಅರ್ಪಿಸುವವರ ಭಾವದಿಂದ. ಪ್ರಸಾದವೆಂಬ ಭಾವವಿದ್ದಲ್ಲಿ ಅಗುಳೂ ಹಗುರವಲ್ಲ. ಮಠಗಳಲ್ಲಿ ಊಟದ ಬಳಿಕ ತಳಿಗೆಯನ್ನು ನೀರಿನಿಂದ ತೊಳೆದು ಆ ನೀರನ್ನೂ ಸೇವಿಸುವ ಸಂಪ್ರದಾಯದ ಮರ್ಮವಿದು.

ಬರದ ಅಳತೆ

ಈ ಅಡುಗೆಯು ಕೇವಲ ಭಕ್ತಿಯಿಂದ ಹುಟ್ಟಿತೆಂದರೆ ಇತಿಹಾಸಕ್ಕೆ ಅನ್ಯಾಯ. ಅದರ ಹಿಂದೆ ಬರಗಾಲಗಳ ಉದ್ದನೆಯ ಸಾಲಿದೆ. 14ನೆಯ ಶತಮಾನದ ಕೊನೆಯ ಭಾಗದಲ್ಲಿ ದಖ್ಖಣದಲ್ಲಿ ಬರ ಬಿದ್ದಾಗ ಬಹಮನಿ ಸುಲ್ತಾನ ಮುಹಮ್ಮದ್ ಶಾಹನು ಮಾಳವ, ಗುಜರಾತುಗಳಿಂದ ಧಾನ್ಯ ತರಿಸಲು ಹತ್ತು ಸಾವಿರ ಎತ್ತುಗಳನ್ನು ನೇಮಿಸಿದನೆಂದೂ ಬೀದರ ಸೇರಿದಂತೆ ಹಲವು ನಗರಗಳಲ್ಲಿ ಅನಾಥ ಮಕ್ಕಳಿಗೆ ಶಾಲೆಗಳನ್ನು ತೆರೆದನೆಂದೂ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಹನ್ನೆರಡು ವರ್ಷ ಕಾಡಿತೆಂದು ಜನ ನೆನೆಯುವ ದುರ್ಗಾದೇವಿಯ ಬರವೂ ಆ ಕಾಲದ್ದೇ.

ಇಂಥ ದಿನಗಳಿಗೆಂದೇ ಉತ್ತರ ಕರ್ನಾಟಕದ ಊರುಗಳಲ್ಲಿ ಹಗೇವುಗಳಿದ್ದವು. ನೆಲದಲ್ಲಿ ತೋಡಿದ ಕುಣಿಗೆ ಹುಲ್ಲು ಹಾಸಿ ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು. ಒಳಗಿನ ಪ್ರಾಣವಾಯು ಮುಗಿದೊಡನೆ ಹುಳುಗಳು ಸತ್ತು ಕಾಳು ವರ್ಷಗಟ್ಟಲೆ ಉಳಿಯುತ್ತಿತ್ತು. ತೆರೆದ ಕೂಡಲೇ ಇಳಿದವರು ಉಸಿರುಗಟ್ಟಿ ಸತ್ತುದೂ ಉಂಟು. ಆದುದರಿಂದ ಗಾಳಿಯಾಡಲು ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು.

ಧಾತು, ಈಶ್ವರ ಸಂವತ್ಸರಗಳ 1876-78ರ ಮಹಾಬರವು ಹೈದರಾಬಾದು, ಮೈಸೂರು, ಮುಂಬಯಿ, ಮದ್ರಾಸು ಪ್ರಾಂತಗಳನ್ನೆಲ್ಲ ಆವರಿಸಿತು. ಆಗ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾಗಿ ಬಂದ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ದುಡಿಯುವವರ ಧಾನ್ಯವನ್ನು ದಿನಕ್ಕೆ ಒಂದು ಪೌಂಡಿಗೆ, ಅಂದರೆ ಸುಮಾರು 450 ಗ್ರಾಮಿಗೆ ಇಳಿಸಿದನು. ಕಲ್ಲು ಒಡೆಯುವ ದೇಹಕ್ಕೆ ಇದು ಸಾಲದೆಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಪ್ರತಿಭಟಿಸಿದನು, 1877ರಲ್ಲಿಯೇ ಅದನ್ನು ಮತ್ತೆ ಏರಿಸಬೇಕಾಯಿತು. ಅಷ್ಟರಲ್ಲಿ ಹೋದ ಜೀವಗಳು ಹೋಗಿದ್ದವು.

1972ರ ಸುಮಾರಿನ ಬರವು ಬೀದರಕ್ಕೆ ಹೊಂದಿಕೊಂಡ ಮರಾಠವಾಡವನ್ನು ತೀವ್ರವಾಗಿ ತಟ್ಟಿತು. ವಿದೇಶದಿಂದ ಬಂದ ಮಿಲೋ ಜೋಳ, ಕಾಮಗಾರಿಯ ಸ್ಥಳದಲ್ಲಿ ಹಂಚುತ್ತಿದ್ದ ಸುಕಡಿ ಅಲ್ಲಿನ ಹಿರಿಯರ ನೆನಪಿನಲ್ಲಿ ಉಳಿದವು. ಆ ಕಾಮಗಾರಿಗಳ ಅನುಭವದಿಂದಲೇ 1977ರ ಮಹಾರಾಷ್ಟ್ರದ ಉದ್ಯೋಗ ಖಾತರಿ ಕಾಯಿದೆ ರೂಪುಗೊಂಡಿತು. 2005ರಲ್ಲಿ ದೇಶಕ್ಕೆಲ್ಲ ಬಂದ ಕಾಯಿದೆಗೆ ಅದು ಮೇಲ್ಪಂಕ್ತಿ.

ಎರಡು ಅಳತೆಗಳ ಭೇದ

ಇಲ್ಲಿ ಭಕ್ತರು ನಿಂತು ಯೋಚಿಸಬೇಕಾದ ಸಂಗತಿಯಿದೆ. ಲಕ್ಕಮ್ಮನೂ ಅಕ್ಕಿಯನ್ನು ಅಳೆದಳು, ಟೆಂಪಲ್ಲನೂ ಧಾನ್ಯವನ್ನು ಅಳೆದನು. ಎರಡೂ ಮಿತವೆಂಬ ಹೆಸರನ್ನೇ ಹೊತ್ತಿವೆ. ಆದರೆ ಲಕ್ಕಮ್ಮ ಅಳೆದದ್ದು ತನ್ನ ತಟ್ಟೆಯನ್ನು, ಟೆಂಪಲ್ಲನು ಅಳೆದದ್ದು ಹಸಿದವರ ತಟ್ಟೆಯನ್ನು. ಲಕ್ಕಮ್ಮ ಮರಳಿಸಿದ ಅಕ್ಕಿ ಇನ್ನೊಬ್ಬರ ದಾಸೋಹಕ್ಕೆ ಸಂದಿತು. ಟೆಂಪಲ್ಲನು ಉಳಿಸಿದ ಧಾನ್ಯ ಬೊಕ್ಕಸದ ಲೆಕ್ಕಕ್ಕೆ ಸಂದಿತು. ತಾನೇ ಒಪ್ಪಿ ಹಿಡಿದ ಮಿತವು ವ್ರತ. ಇನ್ನೊಬ್ಬರ ಮೇಲೆ ಹೇರಿದ ಮಿತವು ಹಿಂಸೆ.

ಈ ಭೇದವನ್ನು ಮನೆಯೊಳಗೂ ತರಬೇಕು. ಹಿಂದಿನವರು ಕಡಿಮೆಯಲ್ಲಿ ಚೆನ್ನಾಗಿ ಬಾಳಿದರೆಂದು ಹೊಗಳುವಾಗ ಆ ಕಡಿಮೆಯನ್ನು ಉಂಡವರು ಯಾರೆಂಬುದನ್ನು ಕೇಳುವುದು ವಿರಳ. ಗಂಡಸರು, ಮಕ್ಕಳು ಉಂಡೆದ್ದ ಮೇಲೆ ಬುಟ್ಟಿಯ ತಳದಲ್ಲಿ ಉಳಿದ ರೊಟ್ಟಿ, ಗಡಿಗೆಯ ತಳದ ಅಂಬಲಿ ಮನೆಯ ಹೆಣ್ಣುಮಕ್ಕಳ ಪಾಲಾಗುತ್ತಿದ್ದುದು ಬಹುಪಾಲು ಮನೆಗಳ ಸತ್ಯ. ಎಷ್ಟೋ ಮನೆಗಳ ಮಿತವ್ಯಯವು ತಾಯಿಯ ಹೊಟ್ಟೆಯಲ್ಲಿ ಉಳಿಸಿದ ಮಿತವ್ಯಯ. ಅದನ್ನು ತ್ಯಾಗವೆಂದು ಪೂಜಿಸಿ ಸುಮ್ಮನಾದರೆ ಶರಣರ ಮಾತನ್ನು ಅರ್ಧವೇ ಕೇಳಿದಂತೆ. ಕಲ್ಯಾಣದ ಆ ಗುಡಿಸಲಿನಲ್ಲಿ ಅಳತೆಯನ್ನು ನಿರ್ಧರಿಸಿದವಳು ಹೆಂಡತಿ, ತಿದ್ದಿಕೊಂಡವನು ಗಂಡ. ಅನುಭಾವದ ಮಾತಿನಲ್ಲಿ ಮೈಮರೆತ ಮಾರಯ್ಯನಿಗೆ ಕಾಯಕವನ್ನು ನೆನಪಿಸಿದವಳೂ ಆಕೆಯೇ. ಅಲ್ಲಿ ಉಳಿದುದನ್ನು ಉಣ್ಣುವವಳಾಗಿ ಲಕ್ಕಮ್ಮ ಕಾಣಿಸುವುದಿಲ್ಲ. ಸಮಪಾಲಿನ ಪ್ರಸಾದಿಯಾಗಿ ಕಾಣಿಸುತ್ತಾಳೆ.

ಜೋಳಿಗೆಯ ರೊಟ್ಟಿ

ಮಿತವು ದಾಸೋಹವಾದ ಬಗೆಗೆ ಈ ಸೀಮೆಯಲ್ಲಿ ಹತ್ತಿರದ ನಿದರ್ಶನಗಳಿವೆ. ಚಿಟಗುಪ್ಪವು ಹೈದರಾಬಾದು ಸಂಸ್ಥಾನದ ಪಾಯಗಾ ಜಾಗೀರಿಗೆ ಸೇರಿದ್ದ ಕಾಲದಲ್ಲಿ, ಅಂದರೆ 1948ಕ್ಕೆ ಮೊದಲು, ಬೀದರ ಜಿಲ್ಲೆಯಲ್ಲಿ ಕನ್ನಡದಲ್ಲಿ ಓದುವುದೇ ಕಷ್ಟವಾಗಿತ್ತು. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಎಲ್ಲರೂ ಬಲ್ಲುದು. 1999ರಲ್ಲಿ ಲಿಂಗೈಕ್ಯರಾದ ಆ ಪೂಜ್ಯರು ಜೋಳಿಗೆ ಹಿಡಿದು ಬಡ ಮಕ್ಕಳ ಅನ್ನಕ್ಕೂ ಅಕ್ಷರಕ್ಕೂ ದಾರಿ ಮಾಡಿದರು. ಉತ್ತರ ಕರ್ನಾಟಕದ ಅನೇಕ ಮಠಗಳಲ್ಲಿ ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ಕಂತಿಭಿಕ್ಷೆ ತರುತ್ತಿದ್ದರು. ರೊಟ್ಟಿ ಬಡಿಯುವಾಗ ಆ ಜೋಳಿಗೆಗೆಂದು ಒಂದನ್ನು ಹೆಚ್ಚಿಗೆ ಬಡಿಯುವುದು ತಾಯಂದಿರ ನೇಮ. ತನ್ನ ಮನೆಯ ನುಚ್ಚನ್ನೂ ಚೆಲ್ಲದ ತಾಯಿಯೇ ಪರರ ಮಗುವಿಗೆ ಇಡಿಯ ರೊಟ್ಟಿಯನ್ನು ನೀಡುತ್ತಿದ್ದಳು.

ಇಂದು ಕಾಲ ಬದಲಾಗಿದೆ. 2013ರ ಆಹಾರ ಭದ್ರತಾ ಕಾಯಿದೆಯಿಂದ ಅನ್ನವು ಹಕ್ಕಾಗಿದೆ, ಅದು ಆಗಬೇಕಾದದ್ದೇ. ಹೊಲಗಳಲ್ಲಿ ಸೋಯಾ ಬಂದಿದೆ, ತಟ್ಟೆಗೆ ಅಕ್ಕಿ ಬಂದಿದೆ. 2023ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ಬಡವರ ಜೋಳಕ್ಕೆ ಪೇಟೆಯಲ್ಲಿ ಮಾನ ಬಂದಿದೆ. ಇದರ ಜೊತೆಗೆ ಮದುವೆಯ ಮಂಟಪಗಳ ಹಿಂದೆ ಎಲೆಯ ತುಂಬ ಉಳಿದ ಅನ್ನವೂ ಬಂದಿದೆ. ಹಿಂದಿನ ಹಸಿವು ಮರಳಿ ಬರಬೇಕಾಗಿಲ್ಲ. ಅದನ್ನು ಯಾರೂ ಬಯಸಲಾರರು. ಮರಳಬೇಕಾದದ್ದು ಲಕ್ಕಮ್ಮನ ಅಳತೆ. ಬೇಕಾದಷ್ಟನ್ನು ಬಡಿಸಿಕೊಳ್ಳುವುದು, ಬಡಿಸಿಕೊಂಡುದನ್ನು ಬಿಡದಿರುವುದು, ಹೆಚ್ಚಾದುದನ್ನು ಕೆಡುವ ಮೊದಲೇ ಹಸಿದವರಿಗೆ ಮುಟ್ಟಿಸುವುದು, ಅಡುಗೆ ಮಾಡಿದ ತಾಯಿಯನ್ನು ಜೊತೆಯಲ್ಲಿಯೇ ಕೂರಿಸಿಕೊಂಡು ಉಣ್ಣುವುದು. ಇಷ್ಟು ನಡೆದ ಮನೆಯಲ್ಲಿ ಅಂಬಲಿಯೂ ಪ್ರಸಾದವೇ.