ಒಕ್ಕಲಿನ ಮನೆಯ ಹೊಸ್ತಿಲು: ಉಡುಪಿ ಪರಿಸರದ ಗೇಣಿ ಮತ್ತು ಬಾಡಿಗೆ ಮನೆಗಳಲ್ಲಿ ಒಡೆಯನ ಪ್ರವೇಶ

ಕರಾವಳಿಯ ಭೂಹಿಡುವಳಿಯ ಚರಿತ್ರೆಯಲ್ಲಿ ಗೇಣಿಯ ಪ್ರಮಾಣ, ಒಕ್ಕಲೆಬ್ಬಿಸುವಿಕೆ, ಭೂಸುಧಾರಣೆ ಇವುಗಳನ್ನು ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಒಕ್ಕಲು ವಾಸವಿದ್ದ ಮನೆಯೊಳಗೆ ಒಡೆಯನು ಯಾವಾಗ ಕಾಲಿಡಬಹುದಿತ್ತು ಎಂಬ ಪ್ರಶ್ನೆ ಎದ್ದದ್ದು ಕಡಿಮೆ. ಗದ್ದೆಯ ಅಂಚಿನ ಮನೆ ಗದ್ದೆಯ ಭಾಗವೆಂದೇ ಎಣಿಕೆಯಾಗಿದೆ. ಕಾನೂನಿನ ದೃಷ್ಟಿಯೂ ಬಹುಕಾಲ ಇದಕ್ಕಿಂತ ಭಿನ್ನವಾಗಿರಲಿಲ್ಲ.

ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಮೂಲಗೇಣಿ, ಚಾಲಗೇಣಿ, ವಾಯಿದೆಗೇಣಿ ಎಂಬ ಭೇದಗಳಿದ್ದವು. ಮೂಲಗೇಣಿದಾರನ ಹಕ್ಕು ವಂಶಪಾರಂಪರ್ಯವಾದುದು, ಅವನ ಗೇಣಿ ಸ್ಥಿರವಾದುದು. ಗೊತ್ತಾದ ಗೇಣಿ ಸಂದಾಯವಾದ ಮೇಲೆ ಒಡೆಯನಿಗೆ ಅಲ್ಲಿ ಹೆಚ್ಚಿನ ಕೆಲಸವಿರಲಿಲ್ಲ. ಚಾಲಗೇಣಿಯ ಸ್ಥಿತಿಯೇ ಬೇರೆ. ವರ್ಷದಿಂದ ವರ್ಷಕ್ಕೆ ಮುಂದುವರಿಯುತ್ತಿದ್ದ ಈ ಹಿಡುವಳಿಯಲ್ಲಿ ಧಣಿಯನ್ನು ಅಂಗಳದಲ್ಲಿ ತಡೆದು ನಿಲ್ಲಿಸುವ ಧೈರ್ಯ ಯಾವ ಒಕ್ಕಲಿಗೂ ಇರುವುದು ಸಾಧ್ಯವಿರಲಿಲ್ಲ. ಧಣಿಯು ಒಳಗೆ ಬಾರದೆ ಅಂಗಳದಲ್ಲಿಯೇ ನಿಂತು ಮಾತನಾಡಿಸುತ್ತಿದ್ದುದನ್ನು ಕೆಲವರು ಮರ್ಯಾದೆಯ ಕುರುಹೆಂದು ಹೇಳುವುದುಂಟು. ಅದು ಜಾತಿಯ ಮಡಿಮೈಲಿಗೆ ಎಳೆದ ಗೆರೆಯೇ ಹೊರತು ಒಕ್ಕಲಿನ ಹಕ್ಕಾಗಿರಲಿಲ್ಲವೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ಮದರಾಸು ಆಧಿಪತ್ಯಕ್ಕೆ ಸೇರಿದ್ದ ಈ ಜಿಲ್ಲೆಗೆ 1882ರ ಸ್ವತ್ತು ಹಸ್ತಾಂತರ ಕಾಯಿದೆ ಅನ್ವಯವಾಯಿತು. ಅದರ 108ನೆಯ ಕಲಮಿನಲ್ಲಿ ಎರಡು ಮಾತುಗಳಿವೆ. ಬಾಡಿಗೆ ಸಲ್ಲಿಸಿ ಕರಾರನ್ನು ಪಾಲಿಸುವವನು ಅವಧಿ ಮುಗಿಯುವವರೆಗೆ ಅಡ್ಡಿಯಿಲ್ಲದೆ ಸ್ವತ್ತನ್ನು ಅನುಭವಿಸತಕ್ಕದ್ದು. ಸ್ವತ್ತಿನ ಸ್ಥಿತಿಯನ್ನು ಪರೀಕ್ಷಿಸಲು ಒಡೆಯನಾಗಲಿ ಅವನ ಕಡೆಯವರಾಗಲಿ ಯುಕ್ತವಾದ ವೇಳೆಯಲ್ಲಿ ಬಂದರೆ ಅವನು ಒಳಗೆ ಬಿಡತಕ್ಕದ್ದು. ಯುಕ್ತವಾದ ವೇಳೆ ಯಾವುದೆಂಬುದನ್ನು ಕಾಯಿದೆ ವಿವರಿಸಲಿಲ್ಲ. ಆದರೂ ಒಡೆಯನ ಪ್ರವೇಶಕ್ಕೆ ಒಂದು ಕಾರಣವಿರಬೇಕೆಂಬ ತತ್ತ್ವ ಇಲ್ಲಿ ಸ್ಪಷ್ಟವಾಗಿದೆ. ಇದೇ ಕಾಯಿದೆಯ 117ನೆಯ ಕಲಮು ಮಾತ್ರ, ಸರಕಾರವು ಬೇರೆಯಾಗಿ ಪ್ರಕಟಿಸಿದ ಹೊರತು, ಕೃಷಿಯ ಗೇಣಿಗಳನ್ನು ಈ ಅಧ್ಯಾಯದಿಂದ ಹೊರಗಿಟ್ಟಿತು. ಉಡುಪಿ ಪೇಟೆಯಲ್ಲಿ ಬಾಡಿಗೆಗಿದ್ದ ವಕೀಲನಿಗೆ ಕಾಯಿದೆಯ ಪುಸ್ತಕದಲ್ಲಿ ದೊರೆತ ನೆಮ್ಮದಿ ಕಾಪು, ಕಾರ್ಕಳಗಳ ಗದ್ದೆಯಂಚಿನ ಒಕ್ಕಲಿಗೆ ಹೀಗೆ ದೊರೆಯದೆ ಹೋಯಿತು. ಮನೆ ಎಂಬುದಕ್ಕೆ ಎರಡು ಕಡೆಯೂ ಒಂದೇ ಅರ್ಥವಿತ್ತಷ್ಟೆ.

ಈ ಅಂತರವನ್ನು ಅಳಿಸಿದ್ದು ಖಾಸಗಿತನದ ಕಾನೂನಲ್ಲ, ಭೂಸುಧಾರಣೆ. 1961ರ ಕಾಯಿದೆಗೆ ತಂದ ತಿದ್ದುಪಡಿಯಂತೆ ಗೇಣಿ ಜಮೀನುಗಳು 1974ರ ಮಾರ್ಚ್ 1ರಂದು ಸರಕಾರದಲ್ಲಿ ನಿಹಿತವಾದವು. ಒಕ್ಕಲುಗಳು 7ನೆಯ ನಮೂನೆಯಲ್ಲಿ ಭೂನ್ಯಾಯ ಮಂಡಳಿಗೆ ಅರ್ಜಿ ಸಲ್ಲಿಸಿದರು. ಜನರ ಬಾಯಲ್ಲಿ ಇದು ‘ಡಿಕ್ಲರೇಷನ್’ ಆಯಿತು. ಪರರ ಜಮೀನಿನಲ್ಲಿ ಮನೆ ಕಟ್ಟಿಕೊಂಡಿದ್ದ ಕೃಷಿಕಾರ್ಮಿಕರಿಗೆ ಆ ಮನೆಯ ಒಡೆತನವನ್ನು ಕೊಡುವ ವಿಧಿಯೂ 38ನೆಯ ಕಲಮಿನಲ್ಲಿ ಸೇರಿತು. ಒಕ್ಕಲು ಒಡೆಯನಾದ ಮೇಲೆ ಧಣಿಯ ಪ್ರವೇಶದ ಪ್ರಶ್ನೆಯೇ ಉಳಿಯಲಿಲ್ಲ.

ಒಡೆತನ ದೊರೆಯಲಾರದ ವಾಸಿಗಳ ಮಟ್ಟಿಗೆ ಪ್ರಶ್ನೆ ಹಾಗೆಯೇ ಉಳಿಯಿತು. 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಸ್ಥಾಪನೆಯಾದ ಬಳಿಕ ಮಣಿಪಾಲವು ವಿದ್ಯಾರ್ಥಿಗಳ, ನೌಕರರ ಬಾಡಿಗೆಯ ಊರಾಗಿ ಬೆಳೆಯಿತು. 1999ರ ಕರ್ನಾಟಕ ಬಾಡಿಗೆ ಕಾಯಿದೆ 2001ರ ಡಿಸೆಂಬರ್ 31ರಿಂದ ಜಾರಿಗೆ ಬಂದಿತಾದರೂ, ಪ್ರದೇಶಾನುಸಾರ ತಿಂಗಳಿಗೆ 3,500 ಅಥವಾ 2,000 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಕಟ್ಟಡಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಆದುದರಿಂದ ಇಂದಿನ ಫ್ಲಾಟುಗಳ ಬಾಡಿಗೆದಾರರು ಮತ್ತೆ 1882ರ ಆ ಎರಡು ಮಾತುಗಳನ್ನೇ ನೆಚ್ಚಬೇಕಾಗಿದೆ. ಪೇಯಿಂಗ್ ಗೆಸ್ಟ್ ಕೊಠಡಿಯಲ್ಲಿರುವವರಿಗೆ ಅನೇಕ ವೇಳೆ ಅದೂ ಇಲ್ಲ. ಕೊಠಡಿಯ ಪ್ರತ್ಯೇಕ ಸ್ವಾಧೀನ ದೊರೆಯದವನು ಬಾಡಿಗೆದಾರನಲ್ಲ, ಲೈಸೆನ್ಸುದಾರ ಮಾತ್ರ. ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಲ್ಲಿ (1959) ಸರ್ವೋಚ್ಚ ನ್ಯಾಯಾಲಯವು ಪತ್ರಕ್ಕೆ ಕೊಟ್ಟ ಹೆಸರನ್ನಲ್ಲದೆ ಅದರ ಸಾರವನ್ನೂ ಸ್ವಾಧೀನದ ಸ್ವರೂಪವನ್ನೂ ನೋಡಬೇಕೆಂದಿತು.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಘೋಷಿತವಾಯಿತು. ಆ ತೀರ್ಪಿನ ಮುಖ್ಯ ಗುರಿ ರಾಜ್ಯದ ಅಧಿಕಾರ, ಮನೆಯೊಡೆಯನಲ್ಲ. ಒಡೆಯನ ಪ್ರವೇಶಕ್ಕೆ 24 ಗಂಟೆ ಮುಂಚಿತವಾಗಿ ನೋಟೀಸು ಕೊಡಬೇಕೆಂದು ವಿಧಿಸುವ ಕೇಂದ್ರದ ಮಾದರಿ ಬಾಡಿಗೆ ಕಾಯಿದೆಗೆ 2021ರಲ್ಲಿ ಅನುಮೋದನೆ ದೊರೆತಿದೆ. ರಾಜ್ಯಗಳು ಅಳವಡಿಸಿಕೊಂಡಲ್ಲಿ ಮಾತ್ರ ಅದಕ್ಕೆ ಬಲ. ನೋಂದಣಿಯನ್ನು ತಪ್ಪಿಸಲು 11 ತಿಂಗಳಿಗೆ ಬರೆಯುವ ಕರಾರುಪತ್ರದಲ್ಲಿ ಒಡೆಯನ ಬರವಿನ ಬಗ್ಗೆ ಒಂದು ಸಾಲು ಇದೆಯೋ ಇಲ್ಲವೋ ಎಂಬುದನ್ನು ಬಾಡಿಗೆದಾರರು ಸಹಿಗೆ ಮೊದಲು ಓದುವುದೂ ಅಪರೂಪ.