ಬಂಧನದಲ್ಲಿದ್ದು ಖುಲಾಸೆಗೊಂಡವರಿಗೆ ಪರಿಹಾರ: ಸಾರ್ವಜನಿಕರ ಮಾಹಿತಿಗಾಗಿ

ವಿಚಾರಣಾಧೀನ ಬಂದಿಯಾಗಿ ಕಾರಾಗೃಹದಲ್ಲಿದ್ದು ತರುವಾಯ ಖುಲಾಸೆಗೊಂಡ ವ್ಯಕ್ತಿಗೆ, ಖುಲಾಸೆಯಾದ ಮಾತ್ರಕ್ಕೆ ಸರ್ಕಾರದಿಂದ ಪರಿಹಾರ ದೊರೆಯುವುದಿಲ್ಲ. ಅಂತಹ ಹಕ್ಕನ್ನು ನೀಡುವ ಪ್ರತ್ಯೇಕ ಕೇಂದ್ರ ಅಧಿನಿಯಮವು ಭಾರತದಲ್ಲಿಲ್ಲ. ಇದಕ್ಕಾಗಿ ವಿಶೇಷ ನ್ಯಾಯಾಲಯಗಳನ್ನು ಸ್ಥಾಪಿಸುವಂತೆ ಭಾರತದ ಕಾನೂನು ಆಯೋಗವು 2018ರಲ್ಲಿ ತನ್ನ 277ನೆಯ ವರದಿಯಲ್ಲಿ ಮಾಡಿದ ಶಿಫಾರಸು ಇನ್ನೂ ಕಾನೂನಾಗಿಲ್ಲ. ಆದುದರಿಂದ ಪರಿಹಾರ ಬಯಸುವವರು ತಾವೇ ನ್ಯಾಯಾಲಯವನ್ನು ಕೋರಬೇಕಾಗುತ್ತದೆ.

ರಿಟ್ ಅರ್ಜಿ
ಬಂಧನವು ಕಾನೂನುಬಾಹಿರವಾಗಿದ್ದು ಸಂವಿಧಾನದ 21ನೆಯ ಅನುಚ್ಛೇದದ ಉಲ್ಲಂಘನೆಯು ದಾಖಲೆಗಳಿಂದಲೇ ಕಂಡುಬರುವಲ್ಲಿ, 226ನೆಯ ಅನುಚ್ಛೇದದಡಿ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದು. ಬಿಹಾರದ ರುದುಲ್ ಸಾಹ್ ಎಂಬುವರು 1968ರಲ್ಲಿ ಖುಲಾಸೆಗೊಂಡಿದ್ದರೂ ಮುಜಫ್ಫರ್‌ಪುರ ಕಾರಾಗೃಹದಿಂದ ಬಿಡುಗಡೆಯಾದುದು 1982ರಲ್ಲಿ. ಸರ್ವೋಚ್ಚ ನ್ಯಾಯಾಲಯವು 1983ರಲ್ಲಿ, ಸರ್ಕಾರವು ಅದಾಗಲೇ ನೀಡಿದ್ದ 5,000 ರೂಪಾಯಿಗಳ ಜೊತೆಗೆ ಇನ್ನೂ 30,000 ರೂಪಾಯಿಗಳನ್ನು ಪಾವತಿಸುವಂತೆ ಆದೇಶಿಸಿ, ಹೆಚ್ಚಿನ ಪರಿಹಾರಕ್ಕೆ ಸಿವಿಲ್ ದಾವೆ ಹೂಡುವ ಅವರ ಹಕ್ಕನ್ನೂ ಉಳಿಸಿತು. 1994ರಲ್ಲಿ ಬಂಧಿತರಾಗಿದ್ದ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ನೀಡುವಂತೆ 2018ರಲ್ಲಿ ಕೇರಳ ಸರ್ಕಾರಕ್ಕೆ ನಿರ್ದೇಶಿಸಲಾಯಿತು. ಈ ಎರಡೂ ಪ್ರಕರಣಗಳಲ್ಲಿ ಅಧಿಕಾರಿಗಳ ಲೋಪ ಸ್ಪಷ್ಟವಾಗಿತ್ತು ಎಂಬುದನ್ನು ಗಮನಿಸತಕ್ಕದ್ದು. ಕೇವಲ ಸಂಶಯದ ಲಾಭ ನೀಡಿ ಖುಲಾಸೆ ಮಾಡಿದ ತೀರ್ಪು ಸಾಮಾನ್ಯವಾಗಿ ಸಾಲದು.

ಸಿವಿಲ್ ದಾವೆ
ಅಕ್ರಮ ಬಂಧನ ಅಥವಾ ದುರುದ್ದೇಶಪೂರ್ವಕ ಅಭಿಯೋಜನೆಗಾಗಿ ನಷ್ಟಪರಿಹಾರದ ದಾವೆ ಹೂಡಬಹುದು. ಎರಡನೆಯದರಲ್ಲಿ ಸಕಾರಣವಿಲ್ಲದೆ, ದ್ವೇಷದಿಂದ ಮೊಕದ್ದಮೆ ನಡೆಸಲಾಯಿತೆಂದು ದಾವೆದಾರರೇ ರುಜುವಾತುಪಡಿಸಬೇಕು. 1963ರ ಕಾಲಪರಿಮಿತಿ ಅಧಿನಿಯಮದಂತೆ ಎರಡಕ್ಕೂ ಅವಧಿ ಒಂದೇ ವರ್ಷ. ಆದರೆ ಅಕ್ರಮ ಬಂಧನದ ದಾವೆಗೆ ಈ ವರ್ಷವು ಬಂಧನ ಕೊನೆಗೊಂಡ ದಿನದಿಂದಲೂ, ಅಭಿಯೋಜನೆಯ ದಾವೆಗೆ ಖುಲಾಸೆಯ ದಿನದಿಂದಲೂ ಆರಂಭವಾಗುತ್ತದೆ. ಜಾಮೀನಿನ ಮೇಲೆ ಹೊರಬಂದು ತೀರ್ಪಿಗಾಗಿ ವರ್ಷಗಟ್ಟಲೆ ಕಾಯುವವರು ಮೊದಲನೆಯ ಹಕ್ಕನ್ನು ತಿಳಿಯದೆಯೇ ಕಳೆದುಕೊಳ್ಳುವ ಸಂಭವವಿದೆ. ಸರ್ಕಾರದ ವಿರುದ್ಧದ ದಾವೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೆಯ ಪ್ರಕರಣದಡಿ ಎರಡು ತಿಂಗಳ ನೋಟಿಸು ಅವಶ್ಯಕ. ಆ ಅವಧಿಯನ್ನು ಕಾಲಪರಿಮಿತಿಯ ಲೆಕ್ಕದಿಂದ ಕೈಬಿಡಲಾಗುತ್ತದೆ.

ದಂಡಾಧಿಕಾರಿಯ ಆದೇಶ
ಸಾಕಷ್ಟು ಕಾರಣವಿಲ್ಲದೆ ಪೊಲೀಸರ ಮೂಲಕ ಬಂಧನ ಮಾಡಿಸಿದ ವ್ಯಕ್ತಿಯಿಂದ ಪರಿಹಾರ ಕೊಡಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 399ನೆಯ ಪ್ರಕರಣದಲ್ಲಿ ಅವಕಾಶವಿದೆ. ಇದರ ಗರಿಷ್ಠ ಮೊತ್ತ 1,000 ರೂಪಾಯಿ ಮಾತ್ರ. ದೀರ್ಘಾವಧಿಯ ಬಂಧನಕ್ಕೆ ಇದನ್ನು ನೆಚ್ಚಿಕೊಳ್ಳುವಂತಿಲ್ಲ.

ಮಾನವ ಹಕ್ಕುಗಳ ಆಯೋಗ
ಘಟನೆ ನಡೆದ ಒಂದು ವರ್ಷದೊಳಗೆ ರಾಷ್ಟ್ರೀಯ ಅಥವಾ ರಾಜ್ಯ ಆಯೋಗಕ್ಕೆ ದೂರು ಸಲ್ಲಿಸಬಹುದು. ಆಯೋಗವು ಪರಿಹಾರವನ್ನು ಸರ್ಕಾರಕ್ಕೆ ಶಿಫಾರಸು ಮಾಡುತ್ತದೆ.

ದಾಖಲೆಗಳು ಮತ್ತು ನೆರವು
ತೀರ್ಪಿನ ದೃಢೀಕೃತ ನಕಲು, ಪ್ರಥಮ ವರ್ತಮಾನ ವರದಿ, ರಿಮಾಂಡ್ ಆದೇಶಗಳು ಹಾಗೂ ಬಂಧನದ ಅವಧಿಯನ್ನು ತೋರಿಸುವ ಕಾರಾಗೃಹದ ದಾಖಲೆಯನ್ನು ಆದಷ್ಟು ಬೇಗ ಪಡೆದಿರಿಸಿಕೊಳ್ಳುವುದು ಸೂಕ್ತ. ಬಂಧನದಲ್ಲಿರುವವರು, ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ವರಮಾನದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಇತರರಿಗೆ ಬಿಡುಗಡೆಯ ನಂತರ ವರಮಾನದ ಮಿತಿ ಅನ್ವಯಿಸುವುದರಿಂದ, ಕಾರಾಗೃಹದಲ್ಲಿರುವಾಗಲೇ ಅಧೀಕ್ಷಕರ ಮೂಲಕ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸುವುದು ಅನುಕೂಲಕರ.